ಪುಡಿಲೋಹದ ಒತ್ತುಯಂತ್ರಗಳಲ್ಲಿ ಉಪಕರಣಗಳ ವಿರೂಪ: ಒಂದು ವಿಮರ್ಶೆ

ಲೋಹದ ಪುಡಿಯನ್ನು ಅಚ್ಚಿನಲ್ಲಿ ತುಂಬಿ, ಹೈಡ್ರಾಲಿಕ್ ಪ್ರೆಸ್ಸಿನಲ್ಲಿ ಒತ್ತಿ, ಆ ಹಸಿ ಬಿಲ್ಲೆಯನ್ನು ಕರಗುವ ಉಷ್ಣತೆಗಿಂತ ಕೆಳಗೆ ಕಾಯಿಸಿ ಯಂತ್ರಭಾಗಗಳನ್ನು ಪಡೆಯುವ ವಿಧಾನವು ನಮ್ಮ ಎಂಜಿನಿಯರಿಂಗ್ ತರಗತಿಗಳಲ್ಲಿ ಬಹುಕಾಲದಿಂದ ಬೋಧಿಸಲ್ಪಡುತ್ತಿದೆ. ಈ ಬೋಧನೆಯಲ್ಲಿ ಪುಡಿಯ ಕಣಗಾತ್ರ, ಹರಿವು, ಸಾಂದ್ರತೆಗಳಿಗೆ ದೊರೆಯುವ ಗಮನದ ಒಂದು ಪಾಲೂ ಅದನ್ನು ಒತ್ತುವ ಉಪಕರಣಕ್ಕೆ ದೊರೆಯುವುದಿಲ್ಲ. ಪಂಚು ಮತ್ತು ಡೈಗಳು ಮಣಿಯದ ವಸ್ತುಗಳೆಂಬ ಊಹೆಯ ಮೇಲೆಯೇ ಚಿತ್ರಗಳೂ ಲೆಕ್ಕಗಳೂ ನಿಂತಿರುತ್ತವೆ. ಉಪಕರಣದ ಮಾತು ಬಂದಲ್ಲಿಯೂ ತಾಳಿಕೆಯನ್ನು ಪೆಡಸುತನವೆಂದು ಭ್ರಮಿಸುವುದು ಸಾಮಾನ್ಯವಾಗಿದೆ. ಈ ಎರಡನೆಯ ದೋಷವೇ ಹೆಚ್ಚು ಹಾನಿಕರವೆಂಬುದು ನಮ್ಮ ಅಭಿಪ್ರಾಯ.

ಉದಾಹರಣೆಗೆ, ನಡುವೆ ಎತ್ತರದ ಕುತ್ತಿಗೆಯುಳ್ಳ ಕಬ್ಬಿಣದ ಹಲ್ಲುಚಕ್ರವೊಂದನ್ನು ತೆಗೆದುಕೊಳ್ಳೋಣ. ಇದಕ್ಕೆ ಕೆಳಗಿನಿಂದ ಎರಡು ಪಂಚುಗಳು ಬೇಕು. ಒಳಗಿನದು ಹೊರಗಿನದರ ನಡುವೆ ಹಾದು ಕೆಳಗಿನ ಪೀಠದ ಮೇಲೆ ಕೂರುವುದರಿಂದ ಹೆಚ್ಚು ಉದ್ದವಾಗಿರುತ್ತದೆ. ಒಳಗಿನದು 180 ಮಿಲಿಮೀಟರು, ಹೊರಗಿನದು 90 ಮಿಲಿಮೀಟರು ಎನ್ನೋಣ; ಒತ್ತಡ ಚದರ ಮಿಲಿಮೀಟರಿಗೆ 600 ನ್ಯೂಟನ್. ಉಕ್ಕಿನ ಯಂಗನ ಗುಣಾಂಕವನ್ನು 2,10,000 ಎಂದು ಹಿಡಿದರೆ ಮೊದಲನೆಯದು ಸುಮಾರು 0.51 ಮಿಲಿಮೀಟರು, ಎರಡನೆಯದು 0.26 ಮಿಲಿಮೀಟರು ಕುಗ್ಗುತ್ತದೆ. ಪಂಚಿನ ಉಕ್ಕನ್ನು ಕಾಯಿಸಿ ತಣಿಸಿ ಎಷ್ಟೇ ಗಡುಸುಗೊಳಿಸಿದರೂ ಈ ಅಂಕಿಗಳು ಬದಲಾಗವು. ಗಡಸುತನವು ಸವೆತವನ್ನೂ ಶಾಶ್ವತ ವಿರೂಪವನ್ನೂ ತಡೆಯುತ್ತದೆಯೇ ಹೊರತು ಯಂಗನ ಗುಣಾಂಕವನ್ನು ಗಣನೀಯವಾಗಿ ಹೆಚ್ಚಿಸುವುದಿಲ್ಲ. ‘ಒಳ್ಳೆಯ ಉಕ್ಕು ಬಳಸಿ’ ಎಂಬ ಸಲಹೆ ಇಲ್ಲಿ ನಿಷ್ಫಲ.

ಕುಗ್ಗುವಾಗ ಪುಡಿಯು ಇನ್ನೂ ಹೊಂದಿಕೊಳ್ಳುವ ಸ್ಥಿತಿಯಲ್ಲಿರುವುದರಿಂದ ಅನರ್ಥ ಕಡಿಮೆ. ಒತ್ತಡ ಇಳಿಯುವಾಗಲೇ ಕೇಡು. ಒಳಪಂಚು ಅರ್ಧ ಮಿಲಿಮೀಟರು ಮೇಲೇಳುತ್ತದೆ, ಹೊರಪಂಚು ಅದರ ಅರ್ಧದಷ್ಟು ಮಾತ್ರ. ಕಾಲು ಮಿಲಿಮೀಟರಿನ ಈ ಅಂತರ ಕುತ್ತಿಗೆಯು ಚಕ್ರವನ್ನು ಸೇರುವ ಮೂಲೆಯನ್ನೇ ಎಳೆಯುತ್ತದೆ. ಹಸಿ ಬಿಲ್ಲೆಯ ಸ್ವಭಾವವನ್ನು ಅರಿಯಲು ನಮ್ಮ ಬೀದರ-ಭಾಲ್ಕಿಗಳ ವಿದ್ಯಾರ್ಥಿಗಳು ದೂರ ಹೋಗಬೇಕಿಲ್ಲ. ಬೀದರಿನ ಪೂರ್ವಕ್ಕಿರುವ ಅಷ್ಟೂರಿನಲ್ಲಿ ಬಹಮನಿ ಅರಸರ ಗೋರಿಗಳಿವೆ. 1436ರಲ್ಲಿ ತೀರಿಕೊಂಡ ಅಹ್ಮದ್ ಶಾಹನ ಗೋರಿಯ ಗುಂಬಜು ಇಂದಿಗೂ ಇಡಿಯಾಗಿ ನಿಂತಿದೆ. 1461ರಲ್ಲಿ ಮಡಿದ ಹುಮಾಯೂನ್ ಶಾಹನ ಗೋರಿಯ ಗುಂಬಜು, ಸಿಡಿಲಿನಿಂದ ಎಂಬ ಪ್ರತೀತಿಯಂತೆ, ಸೀಳಿ ಅರ್ಧ ಉರುಳಿದೆ. ಗಾರೆಗೋಡೆಯು ಒತ್ತನ್ನು ಶತಮಾನಗಳ ಕಾಲ ತಾಳುತ್ತದೆ, ಎಳೆತವನ್ನು ತಾಳಲಾರದು. ಹಸಿ ಬಿಲ್ಲೆಯೂ ಹಾಗೆಯೇ: ನೂರಾರು ನ್ಯೂಟನ್ನುಗಳ ಒತ್ತಿನಲ್ಲಿ ಹುಟ್ಟಿದರೂ ಅದರ ಕಣಗಳು ಬರಿಯ ಪರಸ್ಪರ ಕಚ್ಚಿಕೆಯಿಂದ ನಿಂತಿರುವುದರಿಂದ ಅಲ್ಪ ಎಳೆತಕ್ಕೇ ಬಿರಿಯುತ್ತದೆ. ಆ ಬಿರುಕು ಕೂದಲೆಳೆಯಷ್ಟಿದ್ದು ಬರಿಗಣ್ಣಿಗೆ ಕಾಣದೆ ಹೋಗಬಹುದು. ಕುಲುಮೆಯು ಅದನ್ನು ಕೂಡಿಸುತ್ತದೆಂಬ ನಂಬಿಕೆಗೆ ಆಧಾರವಿಲ್ಲ.

ಡೈಯ ವಿಷಯದಲ್ಲಿಯೂ ಇದೇ ಗೊಂದಲ. ಒಳಗಿನ ಒತ್ತಡಕ್ಕೆ ಡೈ ಹೊರಕ್ಕೆ ಉಬ್ಬುತ್ತದೆಯೆಂದು ಅದಕ್ಕೆ ಕಾಯಿಸಿದ ಉಕ್ಕಿನ ಉಂಗುರವನ್ನು ತೊಡಿಸುವ ಕ್ರಮವುಂಟು. ಎತ್ತಿನ ಬಂಡಿಗಳಿದ್ದ ಕಾಲದಲ್ಲಿ ಹಳ್ಳಿಯ ಕಮ್ಮಾರನು ಕಬ್ಬಿಣದ ಪಟ್ಟೆಯನ್ನು ಕೆಂಪಗೆ ಕಾಯಿಸಿ ಮರದ ಗಾಲಿಗೆ ಏರಿಸಿ ನೀರೆರೆಯುತ್ತಿದ್ದುದೂ ಇದೇ ತತ್ತ್ವ. ತಣಿದ ಪಟ್ಟೆ ಗಾಲಿಯ ಕೂಡುಗಳನ್ನು ಬಿಗಿಹಿಡಿಯುತ್ತದೆ. ಹಾಗೆಯೇ ಉಂಗುರವು ಡೈಯನ್ನು ಮೊದಲೇ ಒತ್ತಿನಲ್ಲಿರಿಸಿ ಎಳೆತವನ್ನು ತಗ್ಗಿಸುತ್ತದೆ. ವಿಶೇಷವಾಗಿ ಟಂಗ್‌ಸ್ಟನ್ ಕಾರ್ಬೈಡಿನ ಒಳತೊಡಿಕೆಗೆ ಇದು ಜೀವರಕ್ಷಕ. ಆದರೆ ಉಂಗುರದ ಬಿಗಿತ ಉಬ್ಬನ್ನೂ ತಡೆಯುತ್ತದೆ ಎನ್ನುವುದು ಸರಿಯಲ್ಲ. ಅದೇ ಹೊರವ್ಯಾಸದ, ಅದೇ ಉಕ್ಕಿನ ಒಂಟಿ ಡೈ ಎಷ್ಟು ಉಬ್ಬುವುದೋ ಉಂಗುರ ತೊಟ್ಟ ಡೈಯೂ ಅಷ್ಟೇ ಉಬ್ಬುತ್ತದೆ. ಉಬ್ಬು ಕಡಿಮೆಯಾಗಬೇಕಾದರೆ ದಪ್ಪ ಹೆಚ್ಚಬೇಕು, ಅಥವಾ ಉಕ್ಕಿಗಿಂತ ಎರಡೂವರೆ ಮೂರುಪಟ್ಟು ಪೆಡಸಾದ ಕಾರ್ಬೈಡು ಬೇಕು.

ಹೈಡ್ರಾಲಿಕ್ ಪ್ರೆಸ್ಸಿಗೆ ಈ ಕ್ಷೇತ್ರದಲ್ಲಿ ದೊರೆತಿರುವ ಹೊಗಳಿಕೆಯನ್ನು ಇಲ್ಲಿ ಪರೀಕ್ಷಿಸಬೇಕು. ಪ್ರತಿ ಪೀಠಕ್ಕೂ ಬೇರೆ ಸಿಲಿಂಡರು, ಬೇರೆ ನಿಯಂತ್ರಣವಿರುವುದರಿಂದ ವಿರೂಪವನ್ನು ಯಂತ್ರವೇ ಸರಿಪಡಿಸಿಕೊಳ್ಳುತ್ತದೆ ಎನ್ನಲಾಗುತ್ತದೆ. ಎಣ್ಣೆಯೇ ಒಂದು ಸ್ಪ್ರಿಂಗು ಎಂಬುದನ್ನು ಮರೆಯಬಾರದು: 250 ಬಾರ್ ಒತ್ತಡದಲ್ಲಿ ಅದು ಶೇಕಡಾ ಒಂದೂವರೆಯಷ್ಟು ಕುಗ್ಗುತ್ತದೆ, 100 ಮಿಲಿಮೀಟರ್ ಎತ್ತರದ ಎಣ್ಣೆಯ ಕಂಬ ಒಂದೂವರೆ ಮಿಲಿಮೀಟರು ತಗ್ಗುತ್ತದೆ, ಅಂದರೆ ಉದ್ದನೆಯ ಪಂಚಿನ ಮೂರರಷ್ಟು. ನಿಯಂತ್ರಕವು ಇದನ್ನು ನಿಜವಾಗಿಯೂ ಸರಿಪಡಿಸಬಲ್ಲದು. ಆದರೆ ಅದರ ಅಳತೆಗೋಲು ಸಾಮಾನ್ಯವಾಗಿ ಪೀಠದ ಬಳಿ ಇರುತ್ತದೆ, ಪಂಚಿನ ತುದಿಯಲ್ಲಲ್ಲ. ಪೀಠ ನಿಂತಲ್ಲೇ ನಿಂತಿದೆಯೆಂದು ಯಂತ್ರ ತೋರಿಸುತ್ತಿರುವಾಗಲೂ ತುದಿಯು ಅರ್ಧ ಮಿಲಿಮೀಟರು ಸರಿದಿರಬಹುದು. ಕಾಣದ ಈ ಅಂಶವನ್ನು ವಿನ್ಯಾಸಕಾರನು ಲೆಕ್ಕಹಾಕಿ, ಒತ್ತಡ ಇಳಿಯುವ ಹೊತ್ತಿಗೆ ಪ್ರತಿ ಪೀಠವೂ ತನ್ನ ಪಂಚಿನ ಮೇಲೇಳುವಿಕೆಯಷ್ಟೇ ಕೆಳಗಿಳಿಯುವಂತೆ ಯಂತ್ರಕ್ಕೆ ಹೇಳಿಕೊಡಬೇಕು. ಬಿಲ್ಲೆಯು ಡೈಯಿಂದ ಹೊರಬರುವವರೆಗೂ ಮೇಲಿನ ಪಂಚು ಅದನ್ನು ಹಗುರವಾಗಿ ಅದುಮಿಕೊಂಡಿರಬೇಕು. ಇಷ್ಟು ನಿಯಂತ್ರಣವಿಲ್ಲದ ಪ್ರೆಸ್ಸಿನಲ್ಲಿ ಪಂಚುಗಳ ಕುಗ್ಗನ್ನು ಸರಿಸಮ ಮಾಡುವುದೇ ಉಳಿದ ದಾರಿ. ಉದ್ದದ ಪಂಚಿನ ಬುಡವನ್ನು ದಪ್ಪಗೊಳಿಸಬಹುದು. ಬೇಕಾದರೆ ಗಿಡ್ಡ ಪಂಚಿನ ಆಸರೆಯನ್ನು ಬೇಕೆಂದೇ ಮೆದುವಾಗಿಸಲೂಬಹುದು. ಕೊನೆಯ ಉಪಾಯ ವಿದ್ಯಾರ್ಥಿಗಳಿಗೆ ವಿಚಿತ್ರವೆನಿಸುತ್ತದೆ; ಆದರೆ ಬಿಲ್ಲೆಯನ್ನು ಒಡೆಯುವುದು ವಿರೂಪವಲ್ಲ, ವಿರೂಪಗಳ ನಡುವಣ ವ್ಯತ್ಯಾಸ.

ಎಲ್ಲ ಭಾಗಗಳಲ್ಲಿಯೂ ತೊಂದರೆ ಒಂದೇ ಬಗೆಯದಲ್ಲ. ಬೆಂಗಳೂರಿನ ಎಚ್.ಎ.ಎಲ್. ಸಂಸ್ಥೆಯ ಎರಕ ಮತ್ತು ಕಮ್ಮಟ ವಿಭಾಗದಲ್ಲಿ ವಿಮಾನಗಳಿಗಾಗಿ ಪುಡಿಲೋಹದ ಬ್ರೇಕ್ ಪ್ಯಾಡುಗಳು ತಯಾರಾಗುತ್ತವೆ. ಇಂಥ ಚಪ್ಪಟೆ ಭಾಗಗಳಲ್ಲಿ ಮೆಟ್ಟಿಲುಗಳ ಜಗಳವಿಲ್ಲ. ಒತ್ತಡ ಎಲ್ಲೆಡೆ ಸಮನಾಗಿ ಹರಡುವುದೇ ಮುಖ್ಯ. ಕಾರ್ಬೈಡಿನ ಕೊರೆಮೊನೆಗಳಲ್ಲಾದರೋ, ಕುಲುಮೆಯಲ್ಲಿ ಉದ್ದವೇ ಐದರಲ್ಲೊಂದು ಪಾಲಿಗೆ ಸಮೀಪ ಕುಗ್ಗುವುದರಿಂದ, ಒತ್ತುವಾಗ ಉಂಟಾದ ಸಾಂದ್ರತೆಯ ಅಲ್ಪ ಭೇದವೂ ಆಕಾರದ ಸೊಟ್ಟಾಗಿ ಹೊರಬೀಳುತ್ತದೆ.

ಇದನ್ನು ತೋರಿಸಲು ಬೆಲೆಯುಳ್ಳ ಪ್ರೆಸ್ಸು ಬೇಕಿಲ್ಲ. ಪ್ರಯೋಗಶಾಲೆಯ ಸಾಮಾನ್ಯ ಪರೀಕ್ಷಾಯಂತ್ರದಲ್ಲಿ ಉದ್ದದ ಉಕ್ಕಿನ ಸರಳೊಂದನ್ನು ನಿಲ್ಲಿಸಿ, ಒಂದು ಡಯಲ್ ಗೇಜನ್ನು ಕೆಳಗಿನ ಪೀಠಕ್ಕೂ ಇನ್ನೊಂದನ್ನು ಸರಳಿನ ಮೇಲ್ತುದಿಗೂ ತಾಗಿಸಿ ಭಾರ ಹೇರಬೇಕು. ಎರಡು ಮುಳ್ಳುಗಳೂ ಬೇರೆ ಬೇರೆ ಅಂಕಿಗಳಲ್ಲಿ ನಿಲ್ಲುತ್ತವೆ. ಭಾರ ಇಳಿಸುವಾಗ ಅವು ಮರಳುವ ದೂರಗಳೂ ಬೇರೆಬೇರೆಯೇ.