ತಗಡಿನ ಮೇಲಿನ ಮುಖ: ವಿಲ್ ವಿಲ್ಸನ್ ಅವರ ಸಾಂಟಾ ಫೆ ಭಾವಚಿತ್ರಗಳು
ಎಡ್ವರ್ಡ್ ಕರ್ಟಿಸ್ 1907ರಿಂದ 1930ರವರೆಗೆ ಪ್ರಕಟಿಸಿದ 20 ಸಂಪುಟಗಳಲ್ಲಿ ಅಮೆರಿಕದ ಮೂಲನಿವಾಸಿಗಳನ್ನು ಅಳಿಯುತ್ತಿರುವ ಜನಾಂಗವೆಂಬಂತೆ ಚಿತ್ರಿಸಿದರು; ಪೀಗನ್ ಗುಡಾರದ ಚಿತ್ರವೊಂದರಿಂದ ಗಡಿಯಾರವನ್ನೇ ಅಳಿಸಿದರು. ಇದಕ್ಕೆ ಉತ್ತರವೆಂಬಂತೆ ನವಾಹೊ ಛಾಯಾಗ್ರಾಹಕ ವಿಲ್ ವಿಲ್ಸನ್ 2012ರಲ್ಲಿ ಸಾಂಟಾ ಫೆ ನಗರದಲ್ಲಿ ಮೂಲನಿವಾಸಿ ಕಲಾವಿದರನ್ನು ಕ್ಯಾಮೆರಾದ ಮುಂದೆ ಆಹ್ವಾನಿಸಿದರು. ಉಡುಪು, ಭಂಗಿ ಕುಳಿತವರ ಆಯ್ಕೆಯೇ. ವಿಧಾನ ಮಾತ್ರ 19ನೆಯ ಶತಮಾನದ ಆರ್ದ್ರ ಕೊಲೋಡಿಯನ್. ಕೆಂಪು ಬೆಳಕಿಗೆ ಸ್ಪಂದಿಸದ ಈ ಲೇಪ ಮೈಬಣ್ಣವನ್ನು ಗಾಢವಾಗಿಸುತ್ತದೆ. ಅಲುಗಾಡದೆ ಕುಳಿತ ಮುಖದಲ್ಲಿ ನಗೆ ನಿಲ್ಲುವುದೂ ಕಷ್ಟ. ಹೀಗಾಗಿ ಕರ್ಟಿಸ್ ಅವರ ನೋಟವೇ ಮರಳಿತೆಂಬ ಆಕ್ಷೇಪವನ್ನು ಸುಲಭವಾಗಿ ತಳ್ಳಿಹಾಕಲಾಗದು. ಆದರೆ ಈ ಯೋಜನೆಯ ಪ್ರತಿರೋಧವಿರುವುದು ಚಿತ್ರದೊಳಗಲ್ಲ, ವಿನಿಮಯದಲ್ಲಿ: ಮೂಲ ತಗಡು ಕುಳಿತವರಿಗೆ ಸಲ್ಲುತ್ತದೆ, ವಿಲ್ಸನ್ ಅವರಲ್ಲಿ ಉಳಿಯುವುದು ಡಿಜಿಟಲ್ ಪ್ರತಿ. ಆದರೂ ಪ್ರದರ್ಶನದ ಗೋಡೆಗೆ ಮುದ್ರಿತವಾಗಿ ಏರುವುದು, ಕಲಾವಿದನ ಹೆಸರನ್ನು ಹೊತ್ತು ತಿರುಗುವುದು, ಆ ಪ್ರತಿಯೇ.