ಶೀರ್ಷಿಕೆಯಿಲ್ಲದ ಚಿತ್ರದ ಮುಂದೆ

ಮೈಸೂರಿನ ಜಗನ್ಮೋಹನ ಅರಮನೆಗೆ ಹೋದವರು ತಪ್ಪದೆ ನೋಡಿ ಬರುವ ಚಿತ್ರ ಒಂದಿದೆ: ದೀಪ ಹಿಡಿದು ನಿಂತ ಹೆಣ್ಣು. ಎಸ್.ಎಲ್. ಹಲ್ದಣಕರ್ ಅವರ ಜಲವರ್ಣ. ರವಿವರ್ಮನದು ಎಂದು ಇವತ್ತಿಗೂ ಸಾಧಿಸುವವರಿದ್ದಾರೆ. ದೀಪಕ್ಕೆ ಅಂಗೈ ಮರೆಮಾಡಿದ್ದಾಳೆ. ಬೆರಳ ಸಂದಿಯಲ್ಲಿ ಬೆಳಕು ಕೆಂಪಾಗಿ ಸೋರಿ ಮುಖದ ಮೇಲೆ ಬಿದ್ದಿದೆ. ನೋಡಿದವರ ಬಾಯಲ್ಲಿ ಒಂದೇ ಮಾತು: ‘ಅಬ್ಬಾ, ಥೇಟ್ ಉರಿಯೋ ದೀಪ!’ ಇಷ್ಟಕ್ಕೂ ಅವರು ಮೆಚ್ಚಿದ್ದು ಯಾವುದನ್ನು? ಸೀರೆಯನ್ನಲ್ಲ, ಮುಖವನ್ನೂ ಅಷ್ಟಾಗಿ ಅಲ್ಲ. ಕಾಗದಕ್ಕೆ ಹಚ್ಚಿದ ನೀರುಬಣ್ಣ ಉರಿಯುವಂತೆ ಕಾಣುತ್ತದಲ್ಲ, ಅದನ್ನು.

ಈಗ ಮನಸ್ಸಿನಲ್ಲೇ ಆ ಹೆಣ್ಣನ್ನು ತೆಗೆದುಹಾಕಿ. ದೀಪವನ್ನೂ ತೆಗೆಯಿರಿ. ಬೆಳಕು ಮಾತ್ರ ಉಳಿಯಲಿ.

ಉಳಿಯುತ್ತದೆಯೇ ಎಂದು ನೀವು ಕೇಳಬಹುದು. ವಿ.ಎಸ್. ಗಾಯತೊಂಡೆ ತಮ್ಮ ಬದುಕಿನ ಬಹುಪಾಲು ಇದನ್ನೇ ಮಾಡಿದರು. ಹಲ್ದಣಕರ್ ಕಲಿತ ಮುಂಬೈಯ ಜೆ.ಜೆ. ಕಲಾಶಾಲೆಯಲ್ಲೇ ಕಲಿತು 1948ರಲ್ಲಿ ಡಿಪ್ಲೊಮಾ ಪಡೆದವರು ಅವರು. ಮೊದಮೊದಲು ಮನುಷ್ಯರನ್ನು, ಹಕ್ಕಿಗಳನ್ನು ಬರೆದರು. ಐವತ್ತರ ದಶಕ ಮುಗಿಯುವ ಹೊತ್ತಿಗೆ ಅವರ ಕ್ಯಾನ್ವಾಸಿನಿಂದ ಆಕಾರಗಳು ಒಂದೊಂದಾಗಿ ಎದ್ದುಹೋದವು. ಹಳದಿಯ ಒಳಗಿಂದ ಹಳದಿ, ಮಬ್ಬು ಹಸಿರಿನ ತಳದಿಂದ ಏನೋ ಹೊಳಪು, ಅಲ್ಲಲ್ಲಿ ಬರಹದಂತೆ ಕಂಡರೂ ಓದಲಾಗದ ಗುರುತುಗಳು, ಇಷ್ಟೇ ಉಳಿದದ್ದು. ಚಿತ್ರಗಳಿಗೆ ಹೆಸರನ್ನೂ ಇಡದೆ ಬಿಟ್ಟರು. ಹೊಸಬರು ದಿಕ್ಕೆಟ್ಟು ನಿಲ್ಲುವುದು ಇಲ್ಲೇ.

‘ಇದೇನು?’ ಎಂಬ ಪ್ರಶ್ನೆ ತಪ್ಪೇನಲ್ಲ. ಆದರೆ ಅದನ್ನೇ ಮೊದಲು ಕೇಳಿದರೆ ಕಣ್ಣು ಕೆಲಸ ನಿಲ್ಲಿಸುತ್ತದೆ, ತಲೆ ಹುಡುಕಾಟಕ್ಕೆ ಹೊರಡುತ್ತದೆ. ಅಲ್ಲೊಂದು ಮೋಡ, ಇಲ್ಲೊಂದು ಮೀನು, ಮೂಲೆಯಲ್ಲಿ ಗಣಪತಿ. ಗಣಪತಿ ಸಿಕ್ಕ ಕೂಡಲೇ ತೃಪ್ತಿಯಾಗಿ ಮುಂದಿನ ಚಿತ್ರಕ್ಕೆ ಹೋಗುತ್ತೇವೆ. ಅಮೂರ್ತ ಚಿತ್ರ ಬಿಡಿಸಬೇಕಾದ ಒಗಟು ಎಂಬ ನಂಬಿಕೆಯನ್ನು ಮನೆಯಲ್ಲೇ ಬಿಟ್ಟು ಬನ್ನಿ. ಕಲಾವಿದ ಅದರೊಳಗೆ ಗುಟ್ಟನ್ನೇನೂ ಬಚ್ಚಿಟ್ಟಿಲ್ಲ. ಬೇರೆ ಪ್ರಶ್ನೆ ಹಾಕಿಕೊಳ್ಳಿ: ಕಣ್ಣು ಮೊದಲು ಎಲ್ಲಿಗೆ ಹೋಯಿತು? ಅಲ್ಲಿಂದ ಎತ್ತ ಜಾರಿತು? ಎಲ್ಲಿಗೆ ಹೋಗಲು ಒಪ್ಪಲಿಲ್ಲ? ಇವಕ್ಕೆ ಉತ್ತರ ನಿಮ್ಮ ಬಳಿಯೇ ಇದೆ, ಯಾವ ವಿಮರ್ಶಕನನ್ನೂ ಕೇಳಬೇಕಾಗಿಲ್ಲ.

ಸಂಗೀತದ ಮಾತು ಇಲ್ಲಿ ಬಂದೇ ಬರುತ್ತದೆ. ಧಾರವಾಡದ ಮಣ್ಣಲ್ಲಿ ಮಲ್ಲಿಕಾರ್ಜುನ ಮನ್ಸೂರರ ಆಲಾಪ ಕೇಳಿ ‘ಇದರ ಅರ್ಥವೇನು’ ಎಂದವರಿಲ್ಲ. ಮಾತಿಲ್ಲದ ಸ್ವರಕ್ಕೆ ತಲೆದೂಗುವ ನಾವು ವಸ್ತುವಿಲ್ಲದ ಬಣ್ಣಕ್ಕೆ ಮುಖ ಗಂಟಿಕ್ಕುತ್ತೇವೆ. ಆದರೆ ಈ ಹೋಲಿಕೆಯನ್ನು ಅರ್ಧ ದಾರಿಯವರೆಗೆ ಮಾತ್ರ ನಂಬಿ. ಗಾಯಕ ನಮ್ಮನ್ನು ಮುಕ್ಕಾಲು ಗಂಟೆ ಕೂರಿಸುತ್ತಾನೆ. ರಾಗ ಬೆಳೆಯುವ ಹೊತ್ತು ಅವನ ಕೈಯಲ್ಲಿದೆ. ಚಿತ್ರಕ್ಕೆ ಆ ಅಧಿಕಾರವಿಲ್ಲ. ಅದರ ಮುಂದೆ ಎಷ್ಟು ಹೊತ್ತು ನಿಲ್ಲಬೇಕೆಂದು ತೀರ್ಮಾನಿಸುವವರು ನೀವೇ, ಮತ್ತು ಸಾಮಾನ್ಯವಾಗಿ ನೀವು ತೀರ್ಮಾನಿಸುವುದು ಮೊಬೈಲಿನಲ್ಲಿ ಒಂದು ಫೋಟೊ ತೆಗೆಯುವಷ್ಟು ಹೊತ್ತು. ಅಷ್ಟರಲ್ಲಿ ಮನ್ಸೂರರು ಷಡ್ಜವನ್ನೂ ಹಚ್ಚಿರುವುದಿಲ್ಲ. ಹತ್ತು ನಿಮಿಷ ಕೊಡಿ. ಮೊದಲ ಎರಡು ನಿಮಿಷ ಬೇಜಾರಾಗುತ್ತದೆ, ಆಗಲಿ. ಆಮೇಲೆ ಒಂದೇ ಬಣ್ಣವೆಂದು ಕಂಡದ್ದು ಎರಡಾಗುತ್ತದೆ, ನಾಲ್ಕಾಗುತ್ತದೆ. ಇದರಲ್ಲಿ ಅಧ್ಯಾತ್ಮವೇನಿಲ್ಲ, ಕಣ್ಣು ಹೊಂದಿಕೊಳ್ಳಲು ಅಷ್ಟು ಸಮಯ ಬೇಕು.

ನಿಲ್ಲುವ ಜಾಗವನ್ನೂ ಬದಲಿಸುತ್ತಿರಿ. ಗಾಯತೊಂಡೆಯ ಚಿತ್ರ ದೂರದಿಂದ ನೋಡಿದರೆ ಮಂಜು. ಹತ್ತಿರ ಹೋದರೆ ಅದಕ್ಕೊಂದು ಮೈವಳಿಕೆ ಇದೆ: ಉಬ್ಬು, ತಗ್ಗು, ಕೆರೆದ ಗೆರೆ. ಕುಂಚಕ್ಕಿಂತ ಹೆಚ್ಚಾಗಿ ಅವರು ರೋಲರ್ ಮತ್ತು ಪ್ಯಾಲೆಟ್ ಚಾಕು ಹಿಡಿದರು. ಬಣ್ಣವನ್ನು ಪದರ ಪದರವಾಗಿ ಹರಡುವುದು, ಮತ್ತೆ ಕೆರೆದು ತೆಗೆಯುವುದು. ಮುಂದಿನ ವರ್ಷಗಳಲ್ಲಿ ಪತ್ರಿಕೆಯ ಹಾಳೆ ಹರಿದು ಹಸಿ ಬಣ್ಣದ ಮೇಲಿಟ್ಟು ಒತ್ತಿ ಎತ್ತುತ್ತಿದ್ದರು. ಕಾಗದದ ಜೊತೆ ಮೇಲಿನ ಪದರ ಎದ್ದುಬಂದು ಕೆಳಗಿನದು ಇಣುಕುತ್ತಿತ್ತು. ಒಳಗಿನಿಂದ ಬೆಳಕು ಬಂದಂತೆ ಕಾಣುವುದಕ್ಕೆ ಕಾರಣ ಇದೇ. ಬೆಳಕನ್ನು ಮೇಲೆ ಹಚ್ಚಿದ್ದಲ್ಲ, ಮುಚ್ಚಿದ್ದನ್ನು ತೆಗೆದಿದ್ದು. ಇಷ್ಟು ತಿಳಿದ ಮೇಲೆ ಪಕ್ಕಕ್ಕೆ ಸರಿದು, ಗೋಡೆಗೆ ಹತ್ತಿರವಾಗಿ, ಓರೆಯಿಂದ ಒಮ್ಮೆ ನೋಡಿ. ಯಾವ ಪದರ ಮೊದಲು ಬಂತು, ಯಾವುದು ಆಮೇಲೆ ಎಂದು ಲೆಕ್ಕ ಹಾಕುತ್ತಾ ಹೋದರೆ ಕೆಲಸ ನಡೆದ ಕ್ರಮವೇ ಕಣ್ಣೆದುರು ಬರುತ್ತದೆ. ಕಾವಲಿನವರು ಸ್ವಲ್ಪ ಅನುಮಾನದಿಂದ ನೋಡಿಯಾರು. ಮುಟ್ಟಬೇಡಿ, ಅಷ್ಟೇ.

ವರ್ಷಕ್ಕೆ ಐದಾರು ಚಿತ್ರಕ್ಕಿಂತ ಹೆಚ್ಚು ಗಾಯತೊಂಡೆಯಿಂದ ಹೊರಬರುತ್ತಿರಲಿಲ್ಲ. ದೆಹಲಿಯ ನಿಜಾಮುದ್ದೀನಿನ ಒಂದು ಬರ್ಸಾತಿಯಲ್ಲಿ, ಅಂದರೆ ಮಾಳಿಗೆಯ ಮೇಲಿನ ಕೋಣೆಯಲ್ಲಿ, ಒಬ್ಬರೇ ಇದ್ದರು. ಜೆನ್ ಪುಸ್ತಕಗಳು, ಸಂಗೀತ, ಗಂಟೆಗಟ್ಟಲೆ ಸುಮ್ಮನೆ ಕೂರುವುದು. ಕುಂಚಕ್ಕೂ ಕ್ಯಾನ್ವಾಸಿಗೂ ಅವುಗಳದೇ ಮೌನವಿದೆ, ಎಲ್ಲವೂ ಅಲ್ಲಿಂದಲೇ ಶುರು ಎಂಬ ಅರ್ಥದ ಮಾತನ್ನು ಅವರು ಸಂದರ್ಶನವೊಂದರಲ್ಲಿ ಆಡಿದ್ದಾರೆ. ಸೃಷ್ಟಿಶೀಲತೆ ಎಂದರೆ ದಿನವೂ ಏನಾದರೊಂದು ಮಾಡಿ ತೋರಿಸುವುದು ಎಂದುಕೊಂಡ ನಮ್ಮ ಕಾಲಕ್ಕೆ ಇದು ಸೋಮಾರಿತನದಂತೆ ಕಂಡೀತು. ನನಗೆ ಹಾಗನ್ನಿಸುವುದಿಲ್ಲ. ಎಲ್ಲಿ ನಿಲ್ಲಿಸಬೇಕೆಂದು ಗೊತ್ತಾಗುವವರೆಗೆ ಕಾಯುವುದೇ ಅವರ ಕಸುಬಿನ ಕಷ್ಟದ ಭಾಗವಾಗಿತ್ತು. 1984ರಲ್ಲಿ ಅಪಘಾತವಾಗಿ ದೊಡ್ಡ ಕ್ಯಾನ್ವಾಸ್ ಅಸಾಧ್ಯವಾದಾಗ ಕಾಗದದ ಮೇಲೆ ಶಾಯಿಯಲ್ಲಿ ಸಣ್ಣ ಸಣ್ಣ ರಚನೆಗಳನ್ನು ಮಾಡಿದರು. ಅವು ಪುಸ್ತಕಗಳಲ್ಲಿ ಅಚ್ಚಾದರೂ ಚೆನ್ನಾಗಿ ಕಾಣುತ್ತವೆ. ಎಣ್ಣೆಬಣ್ಣದವು ಅಚ್ಚಿನಲ್ಲಿ ಸತ್ತೇ ಹೋಗುತ್ತವೆ.

ಬೆಲೆಯ ಮಾತನ್ನು ಬೇಗ ಮುಗಿಸಿಬಿಡೋಣ. 2013ರ ಡಿಸೆಂಬರಿನಲ್ಲಿ ಕ್ರಿಸ್ಟೀಸ್ ಮುಂಬೈಯಲ್ಲಿ ನಡೆಸಿದ ಹರಾಜಿನಲ್ಲಿ ಗಾಯತೊಂಡೆಯ ಒಂದು ಚಿತ್ರ 23 ಕೋಟಿ ರೂಪಾಯಿಗೂ ಮೇಲೆ ಹೋಯಿತು. ಅವರು ತೀರಿಕೊಂಡು ಆಗ ಹನ್ನೆರಡು ವರ್ಷವಾಗಿತ್ತು. ಈ ಅಂಕಿ ತಲೆಯಲ್ಲಿದ್ದರೆ ಚಿತ್ರ ಕಾಣುವುದಿಲ್ಲ, ಕೋಟಿಯೇ ಕಾಣುತ್ತದೆ.

ಗಾಯತೊಂಡೆಯಿಂದ ನಸ್ರೀನ್ ಮೊಹಮದಿಯ ಬಳಿಗೆ ಬಂದರೆ ಬಣ್ಣವೂ ಹೋಗುತ್ತದೆ. ಕರಾಚಿಯಲ್ಲಿ 1937ರಲ್ಲಿ ಹುಟ್ಟಿದವರು, ಲಂಡನ್ನಿನಲ್ಲಿ ಓದಿದವರು, ಮುಂಬೈಯ ಭೂಲಾಭಾಯಿ ಸಂಸ್ಥೆಯಲ್ಲಿ ಗಾಯತೊಂಡೆಯ ಒಡನಾಟ ಕಂಡವರು. 1972ರಿಂದ ಬರೋಡದಲ್ಲಿ ಪಾಠ ಹೇಳಿದರು. ಅವರ ಪ್ರಸಿದ್ಧ ರಚನೆಗಳೆಲ್ಲ ಕಾಗದದ ಮೇಲೆ ಪೆನ್ಸಿಲು ಮತ್ತು ಶಾಯಿಯಿಂದ ಎಳೆದ ಗೆರೆಗಳು. ಎಂಜಿನಿಯರುಗಳು ಬಳಸುವ ಉಪಕರಣಗಳಿಂದಲೇ ಎಳೆದವು. ಹೆಸರಿಲ್ಲ, ಬಹುತೇಕ ತಾರೀಖೂ ಇಲ್ಲ. ಮೊದಲ ನೋಟಕ್ಕೆ ಯಾವುದೋ ಕಟ್ಟಡದ ನಕ್ಷೆ ಎನ್ನಿಸುತ್ತದೆ. ಇವನ್ನು ದೂರ ನಿಂತು ನೋಡಿ ಪ್ರಯೋಜನವಿಲ್ಲ. ಪುಸ್ತಕ ಓದುವಷ್ಟು ಹತ್ತಿರ ಹೋಗಬೇಕು. ಆಗ ಗೊತ್ತಾಗುತ್ತದೆ: ಎರಡು ಗೆರೆಗಳ ನಡುವಿನ ಅಂತರ ಒಂದೇ ಸಮ ಇಲ್ಲ, ಒಂದು ಗೆರೆ ಹೋಗ್ತಾ ಹೋಗ್ತಾ ತೆಳುವಾಗಿ ಕಾಗದದೊಳಗೆ ಇಳಿದಿದೆ, ಇನ್ನೊಂದು ಅಂಚಿಗೆ ಮುಟ್ಟುವ ಮೊದಲೇ ನಿಂತಿದೆ. ಯಂತ್ರ ಎಳೆದಿದ್ದರೆ ಹೀಗಾಗುತ್ತಿರಲಿಲ್ಲ. ನರಗಳ ಕಾಯಿಲೆ ಅವರ ಕೈಕಾಲಿನ ಹಿಡಿತ ಕಸಿಯುತ್ತಿದ್ದ ಕೊನೆಯ ವರ್ಷಗಳಲ್ಲೂ ಗೆರೆ ಅಲುಗಲಿಲ್ಲ. ಕರುಣೆಯಿಂದ ನೋಡಲಿ ಎಂದು ಇದನ್ನು ಹೇಳುತ್ತಿಲ್ಲ. ಆ ಗೆರೆಯಲ್ಲಿ ಎಷ್ಟು ಬಿಗಿ ಇದೆಯೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಇಷ್ಟು ಒಣಗಿದ ಗೆರೆಗಳು ಎಲ್ಲಿಂದ ಬಂದವು? ಬೀದಿಯಿಂದ. ನಸ್ರೀನ್ ಬದುಕಿರುವಷ್ಟು ಕಾಲ ಪ್ರದರ್ಶನಕ್ಕೆ ಇಡದ ಕಪ್ಪುಬಿಳುಪು ಛಾಯಾಚಿತ್ರಗಳು ಆಮೇಲೆ ಹೊರಬಂದವು. ಡಾಂಬರು ರಸ್ತೆಗೆ ಬಳಿದ ಬಿಳಿ ಪಟ್ಟೆ, ಅಲೆ ಹಿಂದೆ ಸರಿದಾಗ ಮರಳಲ್ಲಿ ಉಳಿದ ಅಂಚು, ಮಗ್ಗಕ್ಕೆ ಹಾಸು ಹೂಡಿದ ನೂಲು, ಫತೇಪುರ್ ಸಿಕ್ರಿಯ ಅಂಗಳದ ನೆರಳು. ಅವರ ಕುಟುಂಬದ ವ್ಯಾಪಾರ ಬಹ್ರೇನಿನಲ್ಲಿತ್ತು. ಅಲ್ಲಿನ ಮರಳುಗಾಡೂ ಕಣ್ಣಿನಲ್ಲಿತ್ತು. ಈ ಛಾಯಾಚಿತ್ರಗಳು ರಚನೆಗಳಿಗೆ ಮಾದರಿ ಅಲ್ಲ, ಯಾವುದನ್ನೂ ನೋಡಿ ನಕಲು ಮಾಡಿದ್ದಿಲ್ಲ. ಆದರೂ ಎರಡನ್ನೂ ಪಕ್ಕದಲ್ಲಿಟ್ಟರೆ ಒಂದು ತಪ್ಪು ತಿಳಿವಳಿಕೆ ಕಳಚಿ ಬೀಳುತ್ತದೆ: ಅಮೂರ್ತ ಕಲಾವಿದರು ಲೋಕಕ್ಕೆ ಬೆನ್ನು ಹಾಕಿದವರು ಎಂಬುದು. ನೋಡುವುದನ್ನು ಇವರಷ್ಟು ಹಟದಿಂದ ಮಾಡಿದವರು ವಿರಳ.

ಹಾಗಾಗಿ ಅಭ್ಯಾಸಕ್ಕೆ ಗ್ಯಾಲರಿಯೇ ಬೇಕೆಂದಿಲ್ಲ. ಮಳೆಗಾಲ ಮುಗಿದ ಮೇಲೆ ಕಾಂಪೌಂಡು ಗೋಡೆಯ ಪಾಚಿ ಒಣಗಿ ಕಪ್ಪಾಗಿರುತ್ತದೆ, ಅದರ ಅಂಚನ್ನು ನೋಡಿ. ಹಳೆ ಮನೆಯ ಕೆಂಪು ನೆಲ ಓಡಾಡುವ ಜಾಗದಲ್ಲಿ ಮಾತ್ರ ಸವೆದು ಬೇರೆ ಕೆಂಪಾಗಿದೆ. ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿ ಹೆಂಗಸರು ಹೊಲಿಯುವ ಕೌದಿ ಸಿಕ್ಕರೆ ಮಡಿಚಿಡಬೇಡಿ, ಹಾಸಿಬಿಡಿ. ಹಳೆ ಸೀರೆ, ಅಂಗಿಯ ತುಂಡುಗಳನ್ನು ಅಂಚಿನಿಂದ ಹೊಲಿಯುತ್ತಾ ನಡುವಿಗೆ ಬರುತ್ತಾರೆ. ಮೊದಲೇ ಬರೆದಿಟ್ಟ ನಕ್ಷೆ ಇಲ್ಲ. ಕೆಂಪಿನ ಪಕ್ಕ ಯಾವ ತುಂಡು ಎಂಬುದು ಅಲ್ಲಲ್ಲೇ ತೀರ್ಮಾನ. ಅಲ್ಲಿ ನಡೆಯುವ ಆಯ್ಕೆಗೂ ಕ್ಯಾನ್ವಾಸಿನ ಮುಂದೆ ನಡೆಯುವ ಆಯ್ಕೆಗೂ ನಂಟಿದೆ. ಎರಡೂ ಒಂದೇ ಎನ್ನಲಾರೆ. ಕೌದಿ ಹೊದೆಯಲಿಕ್ಕೆ, ಮಗುವಿಗೆ ಹಾಸಲಿಕ್ಕೆ; ಅದಕ್ಕೆ ಅದರದೇ ಘನತೆ ಇದೆ, ಅಮೂರ್ತ ಕಲೆ ಎಂಬ ಬಿರುದು ಬೇಕಿಲ್ಲ. ಆದರೆ ಎರಡು ಬಣ್ಣ ಪಕ್ಕಪಕ್ಕ ಬಂದಾಗ ಏನಾಗುತ್ತದೆ ಎಂಬ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಪುಸ್ತಕ ನಾನು ಕಂಡಿಲ್ಲ.

‘ನನ್ನ ಮಗನೂ ಇದನ್ನ ಬರೀತಾನೆ’ ಎಂಬ ಮಾತಿಗೆ ಬರೋಣ. ಮಗ ಬರೆಯಬಹುದು, ಚೆನ್ನಾಗಿಯೂ ಬರೆಯಬಹುದು. ಆದರೆ ಮಕ್ಕಳ ಕೈಯಿಂದ ಹಾಳೆ ಕಿತ್ತುಕೊಳ್ಳುವವರು ಸಾಮಾನ್ಯವಾಗಿ ಅಮ್ಮಂದಿರು. ಇಲ್ಲದಿದ್ದರೆ ಬರೆಯುವುದು ಇನ್ನೂ ನಡೆಯುತ್ತಿರುತ್ತದೆ. ಅಳಿಸುವುದು, ತಡೆಯುವುದು, ಇಲ್ಲಿಗೆ ಸಾಕು ಎನ್ನುವುದು ಮಗುವಿಗೆ ಬೇಕಿಲ್ಲ. ಇಷ್ಟು ಹೇಳಿ, ಎದುರಿನವರ ವಾದದಲ್ಲಿರುವ ನಿಜವನ್ನೂ ಒಪ್ಪಬೇಕು. ಕೆಟ್ಟ ಅಮೂರ್ತ ಚಿತ್ರಗಳು ರಾಶಿ ರಾಶಿ ಇವೆ. ಹೋಟೆಲಿನ ಲಾಬಿಗಳಲ್ಲಿ, ಸೋಫಾದ ಬಣ್ಣಕ್ಕೆ ಹೊಂದುವಂತೆ ತೂಗುಹಾಕಿದವುಗಳಲ್ಲಿ ಹೆಚ್ಚಿನವು ಅಲಂಕಾರ, ಅದಕ್ಕಿಂತ ಹೆಚ್ಚೇನಲ್ಲ. ಪರೀಕ್ಷೆಗೆ ನನ್ನದೊಂದು ಉಪಾಯವಿದೆ. ಅಂಗೈ ಕಣ್ಣಿಗೆ ಅಡ್ಡ ಹಿಡಿದು ಚಿತ್ರದ ಒಂದು ಮೂಲೆ ಮರೆಮಾಡಿ. ಉಳಿದ ಭಾಗಕ್ಕೆ ಏನೂ ಆಗದಿದ್ದರೆ ಆ ಮೂಲೆಯನ್ನು ಯಾರೂ ಯೋಚಿಸಿ ಬರೆದಿಲ್ಲ. ಒಳ್ಳೆಯ ಚಿತ್ರದಲ್ಲಿ ಮೂಲೆ ಮುಚ್ಚಿದರೆ ನಡು ವಾಲುತ್ತದೆ.

ತಪ್ಪು ನೋಡಿಬಿಟ್ಟರೆ ಎಂಬ ಅಂಜಿಕೆ ಇದ್ದರೆ ಡಚ್ ಅಮೂರ್ತ ಚಿತ್ರಕಾರ ಮಾಂಡ್ರಿಯಾನನ ಕತೆ ಕೇಳಿ. ಬಣ್ಣದ ಅಂಟುಪಟ್ಟಿಗಳಿಂದ 1941ರಲ್ಲಿ ಅವನು ಮಾಡಿದ ‘ನ್ಯೂಯಾರ್ಕ್ ಸಿಟಿ 1’ ಎಂಬ ಕೃತಿ 1945ರಿಂದಲೂ ತಲೆಕೆಳಗಾಗಿ ತೂಗಿತ್ತು ಎಂದು ಜರ್ಮನಿಯ ಡಸೆಲ್‌ಡಾರ್ಫಿನ ಸಂಗ್ರಹಾಲಯದ ಕ್ಯುರೇಟರ್ 2022ರಲ್ಲಿ ಹೇಳಿದರು. ಮಾಂಡ್ರಿಯಾನನ ಸ್ಟುಡಿಯೋದಲ್ಲಿ ತೆಗೆದ ಹಳೆಯ ಫೋಟೊ ಒಂದರಲ್ಲಿ ಪಟ್ಟಿಗಳು ದಟ್ಟವಾಗಿದ್ದದ್ದು ಮೇಲ್ಗಡೆ. ಈಗ ತಿರುಗಿಸಿದರೆ ಅಂಟು ಬಿಟ್ಟೀತೆಂದು ಹಾಗೆಯೇ ಇಟ್ಟಿದ್ದಾರೆ. ಅಷ್ಟು ವರ್ಷ ದೊಡ್ಡ ದೊಡ್ಡ ಪಂಡಿತರೇ ಅದರ ಮುಂದೆ ನಿಂತು ಹೋಗಿದ್ದಾರೆ, ನೀವು ನಾಚಬೇಕಾದ್ದೇನಿಲ್ಲ.

ಮಾಂಡ್ರಿಯಾನ್ ದೂರವಾದರೆ, ನಸ್ರೀನ್ ಶುಷ್ಕವೆನ್ನಿಸಿದರೆ, ಎಸ್.ಎಚ್. ರಜಾ ಅವರಿಂದ ಶುರುಮಾಡಿ. ಮಧ್ಯಪ್ರದೇಶದ ಮಂಡ್ಲಾದ ಕಾಡಿನ ಹಳ್ಳಿಯಲ್ಲಿ, ನಿಂತಲ್ಲಿ ನಿಲ್ಲದ ಹುಡುಗನಿಗೆ ಶಾಲೆಯ ಮೇಷ್ಟ್ರು ಗೋಡೆಯ ಮೇಲೆ ಒಂದು ಚುಕ್ಕಿ ಇಟ್ಟು ಇದನ್ನೇ ನೋಡು ಎಂದರಂತೆ. 1950ರಲ್ಲಿ ಫ್ರಾನ್ಸಿಗೆ ಹೋಗಿ ಅಲ್ಲಿನ ಹಳ್ಳಿ, ಬೆಟ್ಟಗಳನ್ನು ಬರೆಯುತ್ತಾ ಬರೆಯುತ್ತಾ ಅವರು ತಲುಪಿದ್ದು ಆ ಚುಕ್ಕಿಗೆ, ಬಿಂದುವಿಗೆ. ಗಟ್ಟಿ ಬಣ್ಣ, ಸ್ಪಷ್ಟ ಆಕಾರ; ಹೊಸ ಕಣ್ಣಿಗೆ ಹಿಡಿತ ಬೇಗ ಸಿಗುತ್ತದೆ. ನನ್ನನ್ನು ಕೇಳಿದರೆ, ಕೊನೆಯ ವರ್ಷಗಳ ಬಿಂದುಗಳಲ್ಲಿ ಪುನರಾವರ್ತನೆ ಜಾಸ್ತಿ. ಬಿಂದು ಬರುವ ಮುಂಚಿನ, ನಿಸರ್ಗಚಿತ್ರ ಕರಗುತ್ತಿರುವ ಹಂತದವನ್ನು ಹುಡುಕಿ ನೋಡಿ. ಹಳ್ಳಿ ಇದ್ದೂ ಇಲ್ಲ ಎಂಬ ಆ ಸ್ಥಿತಿಯಲ್ಲಿ ಅವರ ಕುಂಚ ಹೆಚ್ಚು ಬಿಸಿಯಾಗಿದೆ. ಮೆಚ್ಚದೇ ಹೋದರೂ ಚಿಂತೆಯಿಲ್ಲ. ಎಲ್ಲ ಗಾಯಕರೂ ನಿಮಗೆ ಹಿಡಿಸಿದ್ದಾರೆಯೇ?

ಬೆಂಗಳೂರಿನವರು ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆಗೆ ಹೋಗಿ. ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯ ಶಾಖೆ 2009ರಿಂದ ಅಲ್ಲಿದೆ. ತೂಗುಹಾಕುವ ಚಿತ್ರಗಳು ಬದಲಾಗುತ್ತಿರುತ್ತವೆ, ಹಾಗಾಗಿ ಇಂಥದ್ದೇ ಸಿಗುತ್ತದೆಂದು ಮಾತು ಕೊಡಲಾರೆ. ಎಲ್ಲ ಕೋಣೆಗಳನ್ನೂ ಸುತ್ತಿ ಬರುವ ಹಟ ಬೇಡ. ಒಂದು ಚಿತ್ರ ಆರಿಸಿಕೊಳ್ಳಿ, ಪಕ್ಕದ ಚೀಟಿಯನ್ನು ಕೊನೆಯಲ್ಲಿ ಓದಿ. ಸೋಮವಾರ ಬಾಗಿಲು ಹಾಕಿರುತ್ತದೆ.