ಕೀಲಿ ತಿರುಗಿಸಿದ ಆ ಎರಡು ಸೆಕೆಂಡು

ಕಾರಿನ ಕೀಲಿಯನ್ನು ಪೂರ್ತಿ ತಿರುಗಿಸಬೇಡಿ, ದೀಪಗಳು ಹತ್ತಿದ ಕೂಡಲೇ ನಿಲ್ಲಿಸಿ. ಹಿಂದಿನ ಸೀಟಿನ ಅಡಿಯಿಂದ ‘ಗುಂಯ್’ ಎಂಬ ಸಣ್ಣ ಗುನುಗು ಕೇಳುತ್ತದೆ. ಎರಡು ಸೆಕೆಂಡು, ಅಷ್ಟೇ. ಎಂಜಿನ್ನಿನ ಗರ್ಜನೆಗೆ ಮರುಳಾಗುವವರು ಆಗಲಿ, ನನಗೆ ಈ ಗುನುಗೇ ಸಾಕು. ಟ್ಯಾಂಕಿನೊಳಗಿನ ಪಂಪು ಮುಂದಿರುವ ಫ್ಯೂಯೆಲ್ ರೈಲಿಗೆ ಪೆಟ್ರೋಲ್ ಒತ್ತಿ ತುಂಬುವ ಸದ್ದು ಅದು.

ನೋಡಲು ಈ ರೈಲು ಒಂದು ಗಿಡ್ಡ ಕೊಳವೆ, ಕೆಚ್ಚಲಿಗೆ ತೊಟ್ಟುಗಳಿರುವಂತೆ ಅದಕ್ಕೆ ನಾಲ್ಕು ಇಂಜೆಕ್ಟರ್. ಸಾಮಾನ್ಯ ಪೆಟ್ರೋಲ್ ಕಾರಿನಲ್ಲಿ ಒಳಗಿನ ಒತ್ತಡ ಮೂರು ಬಾರ್ ಆಸುಪಾಸು. ಟೈರಿಗೆ 32 ಗಾಳಿ ಹಿಡಿಸುತ್ತೇವಲ್ಲ, ಆ ಲೆಕ್ಕದಲ್ಲಿ ಸುಮಾರು 44. ಇದರ ಸೊಗಸು ಇರುವುದು ಸಮತೆಯಲ್ಲಿ. ಮನೆಯಲ್ಲಿ ಯಾರೋ ಸ್ನಾನಕ್ಕೆ ನಲ್ಲಿ ಬಿಟ್ಟರೆ ಅಡುಗೆಮನೆಯ ನೀರು ನೂಲಿನಷ್ಟಾಗುತ್ತದೆ. ಇಲ್ಲಿ ಹಾಗಾಗದು. ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಒಂದೊಂದು ಇಂಜೆಕ್ಟರ್ ಸೆಕೆಂಡಿಗೆ 25 ಸಲ, ನಾಲ್ಕೂ ಸೇರಿ 100 ಸಲ ಬಾಯಿ ತೆರೆಯುತ್ತವೆ. ಪ್ರತಿ ಸಲ ಕೆಲವೇ ಮಿಲಿಸೆಕೆಂಡು. ಬರುವುದು ಪೂರ್ತಿ ಒಂದು ಹನಿಯೂ ಅಲ್ಲದ ಮಂಜು. ಆದರೂ ಕೊನೆಯದಕ್ಕೆ ಮೊದಲನೆಯದಕ್ಕಿಂತ ಕಡಿಮೆ ಸಿಕ್ಕಿತೆಂಬ ದೂರಿಲ್ಲ. ಒಬ್ಬರು ಮೊಗೆದುಕೊಂಡದ್ದು ಮತ್ತೊಬ್ಬರಿಗೆ ತಿಳಿಯದಷ್ಟು ದಾಸ್ತಾನು ಕೊಳವೆಯ ಹೊಟ್ಟೆಯಲ್ಲಿರುತ್ತದೆ.

ಡೀಸೆಲ್ಲಿನಲ್ಲಿ ಇದೇ ಕೊಳವೆ ಉಗ್ರರೂಪ ತಾಳುತ್ತದೆ. ಹಳೆಯ ಡೀಸೆಲ್ ಎಂಜಿನ್ನಿನಲ್ಲಿ ಒತ್ತಡ ಹುಟ್ಟಿಸುವುದು, ಹೊತ್ತು ನೋಡಿ ಬಿಡುವುದು ಎರಡೂ ಪಂಪಿನ ತಲೆಗೇ ಕಟ್ಟಿದ್ದ ಕೆಲಸ. (ಬೆಂಗಳೂರಿನ ಆಡುಗೋಡಿಯ ಮೈಕೊ ಕಾರ್ಖಾನೆಗೆ ಹೆಸರು ತಂದದ್ದು ಅಂಥ ಪಂಪುಗಳೇ, ಮೈಕೊ ಲೇಔಟ್ ಎನ್ನುವಾಗ ಯಾರಿಗೆ ಅದು ನೆನಪಾಗುತ್ತದೆ!) 1997ರಲ್ಲಿ ಆಲ್ಫಾ ರೋಮಿಯೊ 156 ಕಾರು ಕಾಮನ್ ರೈಲ್ ಎಂಬ ಈ ಕೊಳವೆಯನ್ನು ಹೊತ್ತು ಬಂದಾಗ ಈ ಎರಡು ಕೆಲಸ ಬೇರೆಯಾದವು. ಸುಮಾರು 1,350 ಬಾರ್‌ವರೆಗಿನ ಒತ್ತಡ ರೈಲಿನಲ್ಲಿ ಸದಾ ಸಿದ್ಧ. ಯಾವಾಗ, ಎಷ್ಟು ಎಂಬುದು ಕಂಪ್ಯೂಟರಿನ ಪಾಲಿಗೆ. ಮುಖ್ಯ ಸಿಂಚನಕ್ಕೆ ಮುಂಚೆ ಒಂದು ಚಿಟಿಕೆ ಡೀಸೆಲ್ ಬಿಟ್ಟು ಬೆಂಕಿಯನ್ನು ಮೆಲ್ಲಗೆ ಎಬ್ಬಿಸುವ ನಾಜೂಕು ಆಗ ಕೈಗೆಟುಕಿತು. ಡೀಸೆಲ್ ಕಾರಿನ ಕಟಕಟ ಕುಗ್ಗಿದ್ದು ಹೀಗೆ.

ಮತ್ತೆ ಪೆಟ್ರೋಲ್ ಕಾರಿಗೆ ಬಂದರೆ, ಎಂಜಿನ್ ಆರಿಸಿದರೂ ರೈಲಿನ ಒತ್ತಡ ತಟ್ಟನೆ ಇಳಿಯುವುದಿಲ್ಲ. ಅದಕ್ಕೇ ಅದನ್ನು ಬಿಚ್ಚಬೇಕಾದಾಗ ಅನುಭವಿ ಮೆಕ್ಯಾನಿಕ್ ನೇರ ಸ್ಪ್ಯಾನರ್ ಹಾಕುವುದಿಲ್ಲ. ಪಂಪಿನ ಫ್ಯೂಸ್ ಕಿತ್ತು, ಎಂಜಿನ್ ತಾನಾಗಿ ಆರುವವರೆಗೆ ಓಡಿಸಿ, ಆಮೇಲೆ ಜೋಡಣೆಯ ಮೇಲೆ ಬಟ್ಟೆ ಹೊದಿಸಿ ಸಡಿಲಿಸುತ್ತಾನೆ. ಉಳಿದಿದ್ದ ಪೆಟ್ರೋಲ್ ‘ಚುಸ್’ ಎಂದು ಬಟ್ಟೆಗಿಳಿಯುತ್ತದೆ.